ಸೊಸೆ ಬಾವಿಗೆ ಹಾರಿದ ಮಧ್ಯಾಹ್ನ

ಹೋದ ವಾರ ಚಿಕ್ಕಬಳ್ಳಾಪುರದ ನಮ್ಮ ಮನೆಯ ಸಂಪು ತೊಳೆಸಿದರು. ನೀರೆಲ್ಲ ಖಾಲಿಯಾಗಿ ತಳದಲ್ಲಿ ಒಂದಿಷ್ಟು ಕೆಸರು ಉಳಿದಾಗ, ಪಾಚಿಯದೂ ಒದ್ದೆ ಕಲ್ಲಿನದೂ ಬೆರೆತ ಒಂದು ಹಳೆಯ ವಾಸನೆ ಮೇಲೆ ಬಂತು. ಕುರ್ಚಿ ಹಾಕಿಕೊಂಡು ಬಿಸಿಲು ಕಾಯಿಸುತ್ತಿದ್ದ ನಾನು ಎದ್ದು ಹೋಗಿ, ಸಂಪಿನ ಬಾಯಿಗೆ ಬಗ್ಗಿ, ಮೂಗಿನ ತುಂಬ ಅದನ್ನು ಎಳೆದುಕೊಂಡೆ. ಅಷ್ಟರಲ್ಲಿ ಒಳಗಿನಿಂದ ಸೊಸೆ ಓಡಿಬಂದು ಗಟ್ಟಿಯಾಗಿ ನನ್ನ ಸೆರಗು ಹಿಡಿದುಕೊಂಡಳು.

"ಏನ್ ಮಾಡ್ತಿದ್ದೀರ ಅತ್ತೆ?"

"ವಾಸನೆ ನೋಡ್ತಿದ್ದೀನಿ ಕಣಮ್ಮ."

ಅವಳು ನಂಬಿದ ಹಾಗೆ ಕಾಣಲಿಲ್ಲ. ಕೈ ಹಿಡಿದು ಕುರ್ಚಿಗೆ ವಾಪಸು ಕೂರಿಸಿ, ಕುರ್ಚಿಯನ್ನೂ ಇನ್ನಷ್ಟು ಹಿಂದಕ್ಕೆ ಸರಿಸಿದಳು. ಅವಳದೇನೂ ತಪ್ಪಿಲ್ಲ. ಎಂಬತ್ತು ದಾಟಿದವಳು ಸಂಪಿಗೆ ಬಗ್ಗಿದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಆದರೆ ನೀರಿನ ಹತ್ತಿರ ನಿಂತು ನಾನು ಹೇಳಿದ ನಿಜವನ್ನು ಜನ ನಂಬದೆ ಹೋದದ್ದು ಇದೇ ಮೊದಲಲ್ಲ. ಮೊದಲ ಸಲ ನಂಬದೆ ಹೋದಾಗ ಚಿಂತಾಮಣಿಯ ಇಡೀ ಒಂದು ಬೀದಿಯೇ ತಲೆಕೆಳಗಾಗಿತ್ತು. ಪುರುಸೊತ್ತಿದ್ದರೆ ಕೇಳಿ.

ನಾನು ಹುಟ್ಟಿದ್ದು ಮಂಚೇನಹಳ್ಳಿಯ ಪಕ್ಕದ ಒಂದು ಹಳ್ಳಿಯಲ್ಲಿ. ಎತ್ತುಗಳು ಇಳಿಜಾರಿನಲ್ಲಿ ಹಿಂದೆ ಮುಂದೆ ನಡೆದು ಚರ್ಮದ ಚೀಲದಲ್ಲಿ ನೀರೆತ್ತುತ್ತಿದ್ದ ಕಪಿಲೆ ಬಾವಿ ನಮ್ಮದು. ಅಪ್ಪ, ಅಣ್ಣಂದಿರ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ಈಜು ಕಲಿಸುವಾಗ ನಾನೂ ಹಠ ಹಿಡಿದೆನಂತೆ. ಕಾಟ ತಡೆಯಲಾರದೆ ನನಗೂ ಒಂದು ಬುರುಡೆ ಕಟ್ಟಿದರು. ಅಣ್ಣಂದಿರು ಈಜು ಕಲಿತು ಸುಮ್ಮನಾದರು. ನಾನು ಮುಳುಗುವುದನ್ನೂ ಕಲಿತು ಕೆಟ್ಟೆ.

ಮೇಲೆ ಮೇಲೆ ಕೈಕಾಲು ಬಡಿಯುವುದರಲ್ಲಿ ನನಗೆ ಅಂಥ ರುಚಿ ಇರಲಿಲ್ಲ. ಉಸಿರು ಕಟ್ಟಿ ತಲೆಕೆಳಗಾಗಿ ಇಳಿಯಬೇಕು, ತಳದ ಕೆಸರು ಒಂದು ಹಿಡಿ ಕಿತ್ತು ತರಬೇಕು. ಬೇಸಿಗೆಯಲ್ಲಿ ಬಾವಿಯ ನೀರಿಗೆ ಎರಡು ಅಂತಸ್ತು. ಮೇಲಿನದು ಬಿಸಿಲು ಕುಡಿದು ಹಂಡೆಯ ನೀರಿನ ಹಾಗೆ ಬೆಚ್ಚಗಿರುತ್ತಿತ್ತು. ಕೆಳಗಿಳಿಯುತ್ತ ಒಂದು ಕಡೆ ಇದ್ದಕ್ಕಿದ್ದಂತೆ ಹಣೆಗೆ ತಣ್ಣಗೆ ತಗಲುತ್ತಿತ್ತು, ಕತ್ತಲ ಕೋಣೆಯ ಬಾಗಿಲು ತೆರೆದ ಹಾಗೆ. ಧನುರ್ಮಾಸದಲ್ಲಿ ಎಲ್ಲ ಉಲ್ಟಾ. ಹೊರಗೆ ಹಲ್ಲು ಕಟಕಟಿಸುವ ಚಳಿ, ನೀರಿನ ಮೇಲೆ ಹಬೆ, ಒಳಗಿಳಿದರೆ ಕಂಬಳಿ ಹೊದ್ದಷ್ಟು ಹಿತ. ಊರಿನ ಕೆರೆಯೂ ಇತ್ತು. ಆದರೆ ಅಲ್ಲಿ ಎಮ್ಮೆಗಳ ಜೊತೆ ಜಾಗ ಹಂಚಿಕೊಳ್ಳಬೇಕು. ಎಮ್ಮೆ ನನಗಿಂತ ಚೆನ್ನಾಗಿ ಈಜುತ್ತಿತ್ತು, ಅದಕ್ಕೆ ಜಂಬವಿರಲಿಲ್ಲ. ನನಗಿತ್ತು. ಎತ್ತುಗಳನ್ನು ಬಿಚ್ಚಿ ಎಲ್ಲರೂ ಊಟಕ್ಕೆ ಹೋದ ಹೊತ್ತಿನಲ್ಲಿ ಒಬ್ಬಳೇ ಬಾವಿಗಿಳಿದು, ನೋಡುವವರು ಯಾರೂ ಇಲ್ಲದಿದ್ದರೂ ಯಾರೋ ನೋಡುತ್ತಿದ್ದಾರೆಂಬ ಗತ್ತಿನಲ್ಲಿ ಮುಳುಗಿ ಏಳುತ್ತಿದ್ದೆ.

ಐವತ್ತರ ದಶಕ ಮುಗಿಯುವ ಹೊತ್ತಿಗೆ ನನ್ನನ್ನು ಚಿಂತಾಮಣಿಗೆ ಕೊಟ್ಟರು. ನಮ್ಮ ಯಜಮಾನರು ಶಾಲೆಯಲ್ಲಿ ಮೇಷ್ಟ್ರು. ನೀರೆಂದರೆ ಅವರಿಗೆ ತಲೆಯ ಮೇಲೆ ಸುರಿದುಕೊಳ್ಳುವ ಒಂದು ತಂಬಿಗೆಯಷ್ಟೇ, ಅದನ್ನೂ ಕಣ್ಣು ಮುಚ್ಚಿಯೇ ಸುರಿದುಕೊಳ್ಳುತ್ತಿದ್ದರು. ಮಾವ ಇರಲಿಲ್ಲ. ಅತ್ತೆ ಮಾತು ಕಡಿಮೆ. ಮನೆಮಾತು ತೆಲುಗಾದ್ದರಿಂದ ಸಿಟ್ಟು ಬಂದರೂ ಅಳು ಬಂದರೂ ಅವರ ಕನ್ನಡದೊಳಕ್ಕೆ ತೆಲುಗು ನುಗ್ಗುತ್ತಿತ್ತು. ಮನೆಯ ಹಿಂದೆ ತೋಟ, ತೋಟದಲ್ಲಿ ಒಂದು ಕಡೆ ಕಲ್ಲಿನ ಮೆಟ್ಟಿಲಿದ್ದ ದೊಡ್ಡ ಬಾವಿ. ಬೀದಿಯವರೆಲ್ಲ ನೀರಿಗೆ ಅಲ್ಲಿಗೇ ಬರುತ್ತಿದ್ದರು. ಮದುವೆಯ ಮಾತುಕತೆಗೆ ಬಂದ ನಮ್ಮವರು ಮನೆ ನೋಡಿದರು, ಹುಡುಗನನ್ನು ನೋಡಿದರು. ನಾನು ಮಾತ್ರ ಗೃಹಪ್ರವೇಶದ ದಿನ ಹಿತ್ತಲಿಗೆ ಹೋಗಿ ಬಾವಿ ನೋಡಿ, ಒಳ್ಳೆಯ ಸಂಬಂಧವೇ ಸಿಕ್ಕಿತು ಅಂದುಕೊಂಡೆ.

ಹೊಸ ಸೊಸೆ ಬಾವಿಗಿಳಿಯುವ ಹಾಗಿಲ್ಲ ಎಂದು ಯಾರೂ ಹೇಳಿರಲಿಲ್ಲ. ಇಳಿದಾಳೆಂದು ಯಾರಿಗೂ ಹೊಳೆದಿರಲಿಲ್ಲ, ಅಷ್ಟೇ. ತಿಂಗಳುಗಟ್ಟಲೆ ತಡೆದುಕೊಂಡೆ. ಆಮೇಲೆ ಒಂದು ಬೇಸಿಗೆಯ ಮಧ್ಯಾಹ್ನ, ಯಜಮಾನರು ಶಾಲೆಯಲ್ಲಿ, ಅತ್ತೆ ನಡುಮನೆಯಲ್ಲಿ ಮಲಗಿದ್ದರು, ಬೀದಿಯಲ್ಲಿ ನಾಯಿಯ ಸದ್ದೂ ಇರಲಿಲ್ಲ. ಬಟ್ಟೆ ಒಗೆಯುವ ನೆಪದಲ್ಲಿ ಬಾವಿಯ ಹತ್ತಿರ ಹೋದೆ. ಸೀರೆಯನ್ನು ಕಚ್ಚೆ ಹಾಕಿ ಬಿಗಿದೆ. ಮೆಟ್ಟಿಲಿನಿಂದ ಮರ್ಯಾದೆಯಾಗಿ ಇಳಿಯಬಹುದಿತ್ತು. ಆದರೆ ಜಂಬ ಎಂದು ಆಗಲೇ ಹೇಳಿದೆನಲ್ಲ, ಕಟ್ಟೆಯ ಮೇಲೆ ಹತ್ತಿ ನಿಂತು ಅಲ್ಲಿಂದಲೇ ಹಾರಿದೆ.

ಆ ನೀರಿನ ಸುಖವನ್ನು ನಿಮಗೆ ಹೇಗೆ ಹೇಳಲಿ. ಬೆಚ್ಚನೆ ಅಂತಸ್ತು ದಾಟಿದೆ, ತಣ್ಣನೆಯದಕ್ಕೆ ಇಳಿದೆ, ಕೈಗೆ ತಳದ ಬಂಡೆ ಸಿಕ್ಕಿತು. ಅದನ್ನೇ ಹಿಡಿದುಕೊಂಡು, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ಎದೆ ಉರಿಯುವವರೆಗೂ ಅಲ್ಲೇ ಉಳಿದೆ. ಮೇಲೆದ್ದು ಉಸಿರೆಳೆದುಕೊಂಡು ಮತ್ತೆ ಇಳಿದೆ. ಹೀಗೆ ಎಷ್ಟು ಸಲವೋ. ಎದುರುಮನೆಯ ಮುನಿಲಕ್ಷ್ಮಮ್ಮ ಕರಿಬೇವು ಕೀಳಲು ತೋಟಕ್ಕೆ ಬಂದವರು ನಾನು ಕಟ್ಟೆಯಿಂದ ಹಾರಿದ್ದನ್ನು ಕಂಡು ಬೀದಿಗೆ ಓಡಿದ್ದು ನನಗೆ ಗೊತ್ತಾಗುವ ಹಾಗಿರಲಿಲ್ಲ. ಕೊನೆಯ ಸಲ ಹಿಡಿ ತುಂಬ ಕೆಸರು ಹಿಡಿದುಕೊಂಡು, ಗೆದ್ದವಳ ಹಾಗೆ ತಲೆ ಎತ್ತಿ ನೋಡಿದರೆ ಬಾವಿಯ ಸುತ್ತ ಮುಖಗಳು. ಕಟ್ಟೆಗೆ ಎದೆಯಾನಿಸಿ ಬೀದಿಗೆ ಬೀದಿಯೇ ನನ್ನನ್ನು ಬಗ್ಗಿ ನೋಡುತ್ತಿತ್ತು.

"ಬದುಕವಳೆ ಬದುಕವಳೆ," ಎಂದರು ಯಾರೋ. "ಹಗ್ಗ ಹಿಡ್ಕೊಳಮ್ಮ," ಎಂದು ಹಗ್ಗ ಬಿಟ್ಟರು. ಬೇಡ ಎಂದು ನಾನೇ ಈಜಿಕೊಂಡು ಬಂದು ಮೆಟ್ಟಿಲು ಹತ್ತಿದೆ. ಮುನಿಲಕ್ಷ್ಮಮ್ಮ ನನ್ನನ್ನು ತಬ್ಬಿಕೊಂಡು ಅತ್ತರು.

"ಏನೇ ಕಷ್ಟ ಇದ್ರೂ ನಮ್ಮತ್ರ ಹೇಳ್ಬಾರ್ದಾ? ಬಾವಿಗೆ ಬೀಳೋದಾ?"

"ಬಿದ್ದಿಲ್ಲ ಕಣಮ್ಮ, ಈಜ್ತಿದ್ದೆ."

ಅವರು ನನ್ನ ಮುಖ ನೋಡಿದರು, ಆಮೇಲೆ ಸುತ್ತಲಿದ್ದವರ ಮುಖ ನೋಡಿದರು. "ನೋಡ್ರಮ್ಮ, ಈಗ್ಲೂ ಅತ್ತೆ ಹೆಸರು ಹೇಳ್ತಿಲ್ಲ. ಎಂಥಾ ಒಳ್ಳೆ ಹುಡುಗಿ," ಅಂದರು.

ಅತ್ತೆ ಗುಂಪಿನ ಹಿಂದೆ, ನಿದ್ದೆಯಿಂದ ಎದ್ದುಬಂದ ಕೆದರಿದ ತಲೆಯಲ್ಲಿ ನಿಂತಿದ್ದರು. ಎಲ್ಲರ ಕಣ್ಣೂ ಒಟ್ಟಿಗೆ ಅವರ ಕಡೆ ತಿರುಗಿದವು.

ನಾನು ಎಷ್ಟು ಸಲ ಈಜು ಎಂದೆನೋ ಅಷ್ಟೂ ಸಲ ನನ್ನ ಗೌರವ ಏರಿತು, ಅತ್ತೆಯದು ಇಳಿಯಿತು. ಬೀದಿಯ ಹೆಂಗಸರು ಬಂದು ನನ್ನ ತಲೆ ಸವರಿ, ಬೆಲ್ಲ ಕೊಟ್ಟು, ಅತ್ತೆಯ ಜೊತೆ ಮಾತಾಡದೆ ಹೋಗುತ್ತಿದ್ದರು. ದಿನವೂ ನಮ್ಮಲ್ಲಿಗೆ ಮಜ್ಜಿಗೆಗೆ ಬರುತ್ತಿದ್ದವರು ಬರುವುದನ್ನು ಬಿಟ್ಟರು. ಯಜಮಾನರು ಶಾಲೆಯಿಂದ ಓಡಿಬಂದು, ನನ್ನನ್ನು ಕೋಣೆಗೆ ಕರೆದು, ಮಕ್ಕಳನ್ನು ಪ್ರಶ್ನೆ ಕೇಳುವ ದನಿಯಲ್ಲೇ, "ನಿಜವಾಗ್ಲೂ ಈಜೋಕೆ ಹೋಗಿದ್ಯಾ?" ಎಂದರು. ಹೌದು ಎಂದೆ. "ಈಜು ಅಂದ್ರೆ... ಒಬ್ಬಳೇ? ನೀನಾಗೇ?" ಎಂದರು. ತಾವಾಗೇ ಯಾರಾದರೂ ನೀರಿಗಿಳಿಯುವುದುಂಟು ಎಂಬುದು ಅವರ ತಲೆಗೆ ಹೋಗಲೇ ಇಲ್ಲ. ಅಂದೇ ನನ್ನ ಅಪ್ಪನಿಗೆ ಹೇಳಿಕಳಿಸಿದರು.

ನನಗೆ ನಗು ಬರುತ್ತಿತ್ತು. ಇದೆಂಥ ತಮಾಷೆ, ಅಪ್ಪ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ಹಗುರವಾಗಿಯೇ ಇದ್ದೆ. ಮಾರನೆಯ ದಿನ ಬೆಳಿಗ್ಗೆ ಒಲೆ ಹಚ್ಚುತ್ತಿದ್ದಾಗ ಅತ್ತೆ ಬಂದು ಪಕ್ಕದಲ್ಲಿ ಕೂತರು. ಹಿಂದಿನ ದಿನದಿಂದ ಅವರು ಊಟ ಮಾಡಿರಲಿಲ್ಲ ಎಂಬುದು ಅವರ ಮುಖ ನೋಡಿದಾಗಲೇ ನನಗೆ ತಿಳಿದದ್ದು.

"ನಿಜಂ ಚೆಪ್ಪಮ್ಮ. ಯಾರೂ ಇಲ್ಲ ಇಲ್ಲಿ, ನಿಜ ಹೇಳು. ನಾನು ಉಪ್ಪಿನ ಮಾತು ಅಂದಿದ್ದಕ್ಕಾ?"

ಯಾವ ಉಪ್ಪು ಎಂದು ಯೋಚಿಸಬೇಕಾಯಿತು. ಬಾವಿಗೆ ಹಾರಿದ ದಿನ ಬೆಳಿಗ್ಗೆ ನಾನು ಸಾರಿಗೆ ಉಪ್ಪು ಹಾಕುವುದನ್ನು ಮರೆತಿದ್ದೆ. "ಈ ಮನೇಲಿ ಉಪ್ಪಿಗೂ ಬರ ಬಂತಾ," ಎಂದಿದ್ದರು. ಅಷ್ಟೇ ಮಾತು. ನನಗೆ ಆಗಲೇ ಮರೆತುಹೋಗಿತ್ತು. ಅವರು ಅದೊಂದು ಮಾತನ್ನು ಹಿಡಿದುಕೊಂಡು ಒಂದು ಮಧ್ಯಾಹ್ನ ಒಂದು ರಾತ್ರಿ ಕಳೆದಿದ್ದರು.

"ಇಲ್ಲ ಅತ್ತೆ. ಖಂಡಿತ ಇಲ್ಲ."

"ಮತ್ತೆ ಯಾಕಮ್ಮ?"

"ಸುಮ್ನೆ. ನೀರು ಚೆನ್ನಾಗಿತ್ತು."

ಅವರು ಒಲೆಗೆ ಒಂದು ಸೌದೆ ತಳ್ಳಿದರು. "ಬೀದಿಯವರು ನಂಬದಿದ್ರೆ ಹೋಗ್ಲಿ," ಅಂದರು. "ನನಗೇ ನಂಬಿಕೆ ಬರ್ತಿಲ್ವಲ್ಲ. ಏನು ಮಾಡೋದು?"

ಆಗ ನನಗೆ ನಗು ನಿಂತಿತು.

ಅಪ್ಪ ಎರಡು ಬಸ್ಸು ಬದಲಾಯಿಸಿ ಶಿಡ್ಲಘಟ್ಟದ ಮೇಲೆ ಬಂದಿಳಿದರು. ವಿಷಯ ಕೇಳಿದವರೇ ಜಗಲಿಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. "ಇವಳು ಬಾವಿಗೆ ಬಿದ್ದು ಸಾಯೋಳಲ್ಲ ಕಣ್ರಪ್ಪ. ನಮ್ಮ ಬಾವಿ ತಳದ ಕೆಸರೆಲ್ಲ ತೆಗೆದವಳು ಇವಳೇ," ಎಂದರು. ಆದರೆ ಮಗಳ ಸಂಸಾರ ಉಳಿಸಿಕೊಳ್ಳಲು ಪಾಪ ಅಪ್ಪನೂ ಸುಳ್ಳು ಹೇಳುತ್ತಿದ್ದಾನೆ ಎಂದು ಬೀದಿ ಕಣ್ಣೊರೆಸಿಕೊಂಡಿತು. ಆಗ ಅತ್ತೆ ಒಳಗೆ ಹೋಗಿ ತಮ್ಮ ಹಿತ್ತಾಳೆ ಚೊಂಬು ತಂದರು.

"ಎಲ್ರೂ ತೋಟಕ್ಕೆ ಬನ್ನಿ. ಮುನಿಲಕ್ಷ್ಮಮ್ಮ, ನೀನು ಮುಂದೆ ಬಾ." ನನ್ನ ಕಡೆ ತಿರುಗಿ, "ನನ್ನ ಮರ್ಯಾದೆ ಆ ಬಾವೀಲಿ ಬಿದ್ದಿದೆ. ಬೀಳಿಸಿದೋಳು ನೀನೇ, ನೀನೇ ತೆಗೀಬೇಕು," ಎಂದರು. ಹೋಗಿ ಚೊಂಬನ್ನು ನೀರಿಗೆ ಹಾಕಿದರು. ಅದು ಗುಳುಗುಳು ಎಂದು ಮುಳುಗಿತು.

ಕಚ್ಚೆ ಬಿಗಿದು ಕಟ್ಟೆ ಹತ್ತಿದೆ. ಜೀವಮಾನವಿಡೀ ನಾನು ಕಲ್ಪಿಸಿಕೊಂಡಿದ್ದ ನೋಡುಗರು ಕೊನೆಗೂ ನಿಜವಾಗಿ ಬಂದು ನಿಂತಿದ್ದರು. ಅದೇ ಕೆಟ್ಟದ್ದಾಯಿತು. ಚಂದವಾಗಿ ಹಾರಲು ಹೋಗಿ ಕಪ್ಪೆಯ ಹಾಗೆ ಹೊಟ್ಟೆ ಅಡಿಯಾಗಿ ನೀರಿಗೆ ಬಿದ್ದೆ. ಹೊಡೆತಕ್ಕೆ ಮೈಯೆಲ್ಲ ಉರಿಯಿತು, ಮೂಗಿಗೆ ನೀರು ನುಗ್ಗಿತು. ಹೇಗೋ ತಳ ಮುಟ್ಟಿ ತಡಕಿದೆ. ದುಂಡಗಿನದೇನೋ ಕೈಗೆ ಸಿಕ್ಕಿತು. ಎಳೆದುಕೊಂಡು ಮೇಲೆ ಬಂದು, ಕೆಮ್ಮುತ್ತ ಎತ್ತಿ ತೋರಿಸಿದೆ. ಅದು ಅತ್ತೆಯ ಚೊಂಬಾಗಿರಲಿಲ್ಲ. ಪಾಚಿ ಹಿಡಿದ ಒಂದು ಬಿಂದಿಗೆ.

ಮುನಿಲಕ್ಷ್ಮಮ್ಮ ಕಟ್ಟೆಯಿಂದ ಬಗ್ಗಿ ಕಣ್ಣು ಕಿರಿದು ಮಾಡಿ ನೋಡಿದರು.

"ಅದು ನಮ್ಮದು," ಅಂದರು ಮೆಲ್ಲಗೆ. "ಕಂಠದ ಹತ್ರ ತಗ್ಗಾಗಿದೆ ನೋಡು. ನನ್ನ ತವರಿನ ಬಿಂದಿಗೆ."

ಎರಡನೆಯ ಸಲ ಮುಳುಗಿ ಚೊಂಬು ತಂದೆ. ಆದರೆ ಅಷ್ಟು ಹೊತ್ತಿಗೆ ಚೊಂಬಿನ ಮೇಲೆ ಯಾರಿಗೂ ಲಕ್ಷ್ಯವಿರಲಿಲ್ಲ. ಹಿಂದಿನ ವರ್ಷ ಬಿದ್ದ ನಮ್ಮ ತಂಬಿಗೆ ಸಿಕ್ಕೀತಾ, ಅತ್ತಿಗೆಯ ಬಕೆಟ್ಟು ಸಿಕ್ಕೀತಾ ಎಂದು ನಾಲ್ಕೂ ಕಡೆಯಿಂದ ಕೇಳತೊಡಗಿದರು. ಮುನಿಲಕ್ಷ್ಮಮ್ಮ ಬಿಂದಿಗೆಯನ್ನು ಸೊಂಟಕ್ಕಿಟ್ಟುಕೊಂಡೇ ಅತ್ತೆಯ ಹತ್ತಿರ ಬಂದು, "ನನ್ನ ಬಾಯಿ ಸುಮ್ನಿರಲ್ಲ ಅಕ್ಕ, ನಿಂಗೊತ್ತಲ್ಲ," ಎಂದರು. ಅತ್ತೆ ಒಳಗೆ ಹೋಗಿ ಅವರಿಗೆ ಮಜ್ಜಿಗೆ ತಂದುಕೊಟ್ಟರು, ಆಮೇಲೆ ತಾವೂ ಕೂತು ಊಟ ಮಾಡಿದರು.

ಅಲ್ಲಿಗೆ ನನ್ನ ಒಂಟಿ ಮುಳುಗಾಟಕ್ಕೂ ತೆರೆ ಬಿತ್ತು. ಬಾವಿಗೆ ಬಿದ್ದ ಪಾತ್ರೆಯನ್ನು ಹಗ್ಗದ ತುದಿಯ ಕೊಕ್ಕೆಗಳಲ್ಲಿ ಸಿಕ್ಕಿಸಿ ಎತ್ತುವ ಪಾತಾಳಗರಡಿಯನ್ನು ನೀವು ನೋಡಿರಬಹುದು. ನಮ್ಮ ಬೀದಿಯಲ್ಲಿ ಅದಕ್ಕೆ ತುಕ್ಕು ಹಿಡಿಯಿತು. ಯಾರ ಮನೆಯದೇನು ಬಿದ್ದರೂ ಮೇಷ್ಟ್ರ ಹೆಂಡತಿಯನ್ನು ಕರೆಯಿರಿ. ಬಾವಿಯ ರಾಣಿಯಾಗಬೇಕೆಂದಿದ್ದವಳು ಕೊಕ್ಕೆಯಾದೆ. ಶಾಲೆಯ ಮಕ್ಕಳು ಯಜಮಾನರಿಗೆ ಪಾತಾಳಗರಡಿ ಮೇಷ್ಟ್ರು ಎಂದು ಹೆಸರಿಟ್ಟರಂತೆ. ಅವರದನ್ನು ಬಹಳ ವರ್ಷ ನನ್ನಿಂದ ಮುಚ್ಚಿಟ್ಟಿದ್ದರು. ಬೇಸಿಗೆ, ಚಳಿಗಾಲ ಎನ್ನದೆ ಇಳಿಯುತ್ತಿದ್ದೆ. ಇಳಿದಾಗಲೆಲ್ಲ ಅತ್ತೆ ಬಂದು ಮೇಲಿನ ಮೆಟ್ಟಿಲಿನ ಮೇಲೆ ಅವರೆಕಾಯಿ ಮೊರ ಇಟ್ಟುಕೊಂಡು ಕೂರುತ್ತಿದ್ದರು. ಯಾಕೆ ಎಂದರೆ, "ನೆರಳಿದೆ ಇಲ್ಲಿ," ಎನ್ನುತ್ತಿದ್ದರು. ಅಲ್ಲಿ ನೆರಳಿರಲಿಲ್ಲ.

ಒಂದು ಧನುರ್ಮಾಸದ ಬೆಳಿಗ್ಗೆ ಯಾರದೋ ಕೊಡ ಬಂಡೆಯ ಸಂದಿಗೆ ಸಿಕ್ಕಿಕೊಂಡಿತ್ತು. ಬಿಡಿಸುವುದು ತಡವಾಯಿತು. ಎದೆ ಒಡೆಯುವಷ್ಟಾದ ಮೇಲೆ ಅದನ್ನು ಅಲ್ಲೇ ಬಿಟ್ಟು ಮೇಲಕ್ಕೆ ಬಂದೆ. ಮುಖದ ನೀರು ಒರೆಸಿಕೊಂಡು ನೋಡಿದರೆ ಅತ್ತೆ ಮೇಲಿನ ಮೆಟ್ಟಿಲಿನಲ್ಲಿರಲಿಲ್ಲ. ಸೀರೆ ಎತ್ತಿಕಟ್ಟಿ, ಗೋಡೆಯ ಕಲ್ಲು ಹಿಡಿದುಕೊಂಡು, ಸೊಂಟದುದ್ದ ನೀರಿನಲ್ಲಿ ನಿಂತು ಮುಂದಿನ ಮೆಟ್ಟಿಲಿಗೆ ಕಾಲು ತಡಕುತ್ತಿದ್ದರು. ಅಲ್ಲಿ ಮುಂದಿನ ಮೆಟ್ಟಿಲಿರಲಿಲ್ಲ.

"ಎಲ್ಲಿಗೆ ಅತ್ತೆ?"

"ನೀನು ಬರಲಿಲ್ವಲ್ಲ. ನೋಡೋಣ ಅಂತ."

"ನಿಮಗೆ ಈಜು ಬರಲ್ವಲ್ಲ."

ಅವರು ತಮ್ಮ ಸುತ್ತಲಿನ ನೀರನ್ನು ಆಗಷ್ಟೇ ಕಂಡವರ ಹಾಗೆ ನೋಡಿಕೊಂಡರು. "ಅದು ಜ್ಞಾಪಕ ಬರಲಿಲ್ಲ ಕಣಮ್ಮ," ಎಂದರು.

ಅತ್ತೆ ತೀರಿಕೊಂಡು ಬಹಳ ಕಾಲವಾಯಿತು. ಸಂಪು ತೊಳೆಸಿದ ಎರಡು ದಿನದ ಮೇಲೆ, ಸಮುದ್ರದ ಜೀವಿಗಳ ಬಗ್ಗೆ ಓದುತ್ತಿರುವ ಮೊಮ್ಮಗಳು ರಜಕ್ಕೆ ಬಂದಳು. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಸ್ಕೂಬಾ ಎಂಬ ಮುಳುಗಾಟ ಕಲಿತಿದ್ದಾಳೆ. ಬೆಚ್ಚನೆ ಸಮುದ್ರದಲ್ಲೂ ಉತ್ತರದ ಯಾವುದೋ ಕೊರೆಯುವ ಸರೋವರದಲ್ಲೂ ಒಬ್ಬಳೇ ಇಳಿದಿದ್ದೇನೆಂದು ಫೋನಿನಲ್ಲಿ ಚಿತ್ರ ತೋರಿಸಿದಳು. ಎಷ್ಟು ಆಳ ಇಳಿದೆ ಎಂದು ಕೇಳಬೇಕೆಂದೇ ಬಾಯಿ ತೆರೆದೆ, ನನ್ನ ಬಾವಿಯ ಆಳವನ್ನು ಪಕ್ಕದಲ್ಲಿಟ್ಟು ತೂಗಬೇಕಿತ್ತು. ಆದರೆ ಬಂದ ಮಾತು ಬೇರೆ.

"ನೀನು ಕೆಳಗಿದ್ದಾಗ ಮೇಲೆ ಯಾರಿದ್ರು?"

"ದೋಣೀಲಿ ಒಬ್ರು ಇರ್ತಾರೆ ಅಜ್ಜಿ. ನಾವು ಎದ್ದು ಬರೋವರೆಗೂ ನೀರನ್ನೇ ನೋಡ್ತಿರ್ತಾರೆ."

"ಹೆಸರೇನು ಅವರದು?"

ಅವಳು ಗೊತ್ತಿಲ್ಲ ಎಂದಳು.

"ಈ ಸಲ ಹೋದಾಗ ಕೇಳ್ಕೊಂಡ್ ಬಾ," ಎಂದೆ.