ಇಪ್ಪತ್ತೇಳನೇ ನಂಬರಿನ ಹಾಜರಿ

ಈವತ್ತು ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ಒಂದು ಸ್ಟೀಲ್ ಲೋಟ ಬಿತ್ತು. ಅದೂ ಒಂದು ಸಮಾಚಾರವೇ ಎಂದು ನೀವು ಕೇಳಬಹುದು. ನಮ್ಮ ಸರೋಜಳ ಕೈಯಲ್ಲಿ ಈಚೆಗೆ ಹಿಡಿತ ಕಡಿಮೆ, ವಾರಕ್ಕೊಂದಾದರೂ ಬೀಳುತ್ತದೆ. ಆದರೆ ಈ ಲೋಟ ಎರಡು ಸಲ ಕುಟ್ಟಿ, ಗಿರ್ರನೆ ಸುತ್ತಿ ನಿಂತಿತು. ನಿಂತ ಮೇಲೆ ಯಾರಾದರೂ ನಗುತ್ತಾರೇನೋ ಎಂದು ನಾನು ಕಾಫಿ ಕೆಳಗಿಟ್ಟು ಕಿವಿಗೊಟ್ಟು ಕೂತೆ. ಯಾರೂ ನಗಲಿಲ್ಲ. ಎಪ್ಪತ್ಮೂರು ವರ್ಷದ ಮನುಷ್ಯ ಒಂದು ಲೋಟದ ಸದ್ದಿಗೆ ಹೀಗೆ ಬೆವರುವುದೇಕೆ ಎಂದು ಹೇಳಬೇಕಾದರೆ, ಮೊದಲು ನಮ್ಮ ಹಾಜರಿಯ ಕಥೆ ಹೇಳಬೇಕು.

ನಾವು ತುಮಕೂರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿದವರು. ಆಗ ತರಗತಿಯಲ್ಲಿ ಮೂವತ್ನಾಲ್ಕು ಜನ, ಈಗ ವಾಟ್ಸಾಪ್ ಗ್ರೂಪಿನಲ್ಲಿ ಹತ್ತೊಂಬತ್ತು. ಮೊದಮೊದಲು ಎಲ್ಲ ಗ್ರೂಪುಗಳ ಹಾಗೆಯೇ ಇತ್ತು. ಗುಡ್ ಮಾರ್ನಿಂಗ್ ಹೂವು, ಮೊಮ್ಮಕ್ಕಳ ನಾಮಕರಣ, ಮಂಡಿ ಆಪರೇಷನ್ನು, ಶುಗರಿಗೆ ಮೆಂತ್ಯದ ನೀರು. ಮೂರು ವರ್ಷದ ಹಿಂದೆ, ಒಬ್ಬನೇ ವಾಸವಾಗಿದ್ದ ನಮ್ಮ ಗೆಳೆಯನೊಬ್ಬ ತೀರಿಕೊಂಡು ಎರಡು ದಿನ ಯಾರಿಗೂ ಗೊತ್ತಾಗಲಿಲ್ಲ. ಆ ಎರಡು ದಿನವೂ ನಾವು ಅವನಿಗೆ ಹೂವು ಕಳಿಸುತ್ತಲೇ ಇದ್ದೆವು.

ಆಗ ಎದ್ದು ನಿಂತವನು ಗುಬ್ಬಿಯ ಗಂಗಾಧರಯ್ಯ. ಕಾಲೇಜಿನಲ್ಲಿ ನಮ್ಮ ಕ್ಲಾಸ್ ಲೀಡರು, ಆಮೇಲೆ ಹೈಸ್ಕೂಲ್ ಹೆಡ್‌ಮಾಸ್ಟರು. ರಿಟೈರಾದರೂ ಬೆತ್ತ ಕೆಳಗಿಟ್ಟವನಲ್ಲ. ಇನ್ನು ಮೇಲೆ ದಿನಾ ಬೆಳಿಗ್ಗೆ ಏಳಕ್ಕೆ ಹಾಜರಿ, ಹಳೇ ರೋಲ್ ನಂಬರಿನಲ್ಲೇ ಕರೆಯುತ್ತೇನೆ, ಪ್ರತಿಯೊಬ್ಬರೂ ಸ್ವಂತ ದನಿಯಲ್ಲಿ ಓ ಅನ್ನಬೇಕು, ಟೈಪ್ ಮಾಡಿದರೆ ಲೆಕ್ಕಕ್ಕಿಲ್ಲ ಎಂದು ಕಟ್ಟಪ್ಪಣೆ ಮಾಡಿದ. ದನಿ ಕೇಳಿದರೆ ಮನುಷ್ಯ ಹೇಗಿದ್ದಾನೆಂದು ಗೊತ್ತಾಗುತ್ತದೆ ಎಂಬುದು ಅವನ ವಾದ. ಅಂದಿನಿಂದ ಈವರೆಗೆ ಒಂದು ದಿನವೂ ತಪ್ಪಿಲ್ಲ. ಗಂಗಾಧರಯ್ಯ ಗುಬ್ಬಿಯಲ್ಲಿ ಕೂತು "ನಂಬರ್ ಮೂರು" ಎಂದು ಕಳಿಸುತ್ತಾನೆ, ಎಲ್ಲಿಂದಲೋ ಒಂದು ಮುದಿ ದನಿ "ಎಸ್ ಸಾರ್" ಅನ್ನುತ್ತದೆ, ಅವನು ಮುಂದಕ್ಕೆ ಹೋಗುತ್ತಾನೆ. ಪೆನ್ಷನ್ ತಗೊಳ್ಳುವವರಿಗೆ ಬೆಳಿಗ್ಗೆ ಅರ್ಧ ಗಂಟೆ ದೊಡ್ಡದೇನಲ್ಲ.

ಸತ್ತವರ ನಂಬರನ್ನೂ ಅವನು ಕರೆಯುತ್ತಾನೆ. ಬೇಡ ಕಣೋ, ಕೇಳೋಕಾಗಲ್ಲ ಎಂದು ನಾವು ಜಗಳವಾಡಿದೆವು. ರಿಜಿಸ್ಟರಿನಲ್ಲಿ ಹೆಸರು ಹೊಡೆದುಹಾಕುವ ಅಧಿಕಾರ ತನಗಿಲ್ಲ ಎಂದ. ಕರೆದು, ಮನಸ್ಸಿನಲ್ಲೇ ಮೂರು ಎಣಿಸಿ, ಆಮೇಲೆ ಮುಂದಿನ ನಂಬರಿಗೆ ಹೋಗುತ್ತಾನಂತೆ. ಆ ಮೂರು ಎಣಿಕೆಯ ಹೊತ್ತಿನಲ್ಲಿ ನಾನು ಫೋನನ್ನೇ ನೋಡುವುದಿಲ್ಲ, ಕಿಟಕಿಯ ಕಡೆ ತಿರುಗಿಕೊಳ್ಳುತ್ತೇನೆ. ಅಪ್ಪಿತಪ್ಪಿ ಉತ್ತರ ಬಂದುಬಿಟ್ಟರೆ ಎಂಬ ದಿಗಿಲು.

ಅವನು ಬಿಟ್ಟು ಹೋಗುವ ನಂಬರು ಒಂದೇ, ಹನ್ನೆರಡು. ಆ ನಂಬರಿನ ರಂಗಸ್ವಾಮಿ ಬದುಕಿದ್ದಾನೆ, ಆದರೆ ಮರೆವಿನ ಕಾಯಿಲೆ ಬಂದು ಯಾರ ನಂಬರು ಕರೆದರೂ ತಾನೇ ಎಸ್ ಸಾರ್ ಅನ್ನತೊಡಗಿದ. ಪಾಪ, ಅವನಿಗೆ ತೊಂದರೆ ಕೊಡುವುದು ಬೇಡ ಎಂದು ಗಂಗಾಧರಯ್ಯ ಹನ್ನೊಂದರಿಂದ ನೇರ ಹದಿಮೂರಕ್ಕೆ ಹಾರತೊಡಗಿದ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ. ನಾವೂ ಸರಿ ಎಂದೆವು.

ನನ್ನದು ಇಪ್ಪತ್ತಾರು. ಇಪ್ಪತ್ತೇಳು ಕುಣಿಗಲ್ಲಿನ ಶಿವಣ್ಣ. ಬೆಂಚಿನಲ್ಲೂ ಪಕ್ಕ, ರಿಜಿಸ್ಟರಿನಲ್ಲೂ ಪಕ್ಕ. ಅವನು ದಿನಾ ಹೆಬ್ಬೂರಿನ ಮೇಲೆ ಬರುವ ಬಸ್ಸಿನಲ್ಲಿ ಬರುತ್ತಿದ್ದ. ಆ ಬಸ್ಸು ಮೊದಲನೆಯ ಪಿರಿಯಡ್ಡಿಗೆ ಸರಿಯಾಗಿ ಬಂದದ್ದು ನನಗೆ ನೆನಪಿಲ್ಲ. ಮೊದಲ ಪಿರಿಯಡ್ಡು ಫಿಸಿಕ್ಸು. ಲೆಕ್ಚರರು ರಿಜಿಸ್ಟರಿನಿಂದ ತಲೆ ಎತ್ತುತ್ತಿರಲಿಲ್ಲ. ಹಾಗಾಗಿ ನನ್ನ ನಂಬರಿಗೆ ನನ್ನ ದನಿಯಲ್ಲಿ ಒಂದು ಎಸ್ ಸಾರ್, ಅವನ ನಂಬರಿಗೆ ಅವನ ದನಿಯಲ್ಲಿ ಇನ್ನೊಂದು. ಶಿವಣ್ಣನದು ಹೊಟ್ಟೆಯೊಳಗಿಂದ ಬರುವ ದನಿ. ಕೊನೆಯ "ಸಾರ್" ಎನ್ನುವುದನ್ನು ಎತ್ತು ಕರೆಯುವವನ ಹಾಗೆ ಎಳೆಯುತ್ತಿದ್ದ. ಎರಡೇ ವಾರದಲ್ಲಿ ನನಗೆ ಅದು ಕರತಲಾಮಲಕವಾಯಿತು. ಬದುಕಿನಲ್ಲಿ ನಾನು ಚೆನ್ನಾಗಿ ಕಲಿತ ವಿದ್ಯೆ ಅದೊಂದೇ ಎಂದು ಸರೋಜ ಹೇಳುತ್ತಾಳೆ. ತಾಲ್ಲೂಕು ಕಚೇರಿಯಲ್ಲಿ ನಾನು ಸವೆಸಿದ ಮೂವತ್ತನಾಲ್ಕು ವರ್ಷ ನೋಡಿದರೆ ಅವಳ ಮಾತು ಸುಳ್ಳೂ ಅಲ್ಲ.

ಒಂದು ದಿನ ಅದು ಹೇಗೋ ಬಸ್ಸು ಬೇಗ ಬಂತು. ಶಿವಣ್ಣ ತಾನೇ ಬೆಂಚಿನಲ್ಲಿ ಕೂತು, ತನ್ನ ನಂಬರಿಗೆ ತಾನೇ ಎಸ್ ಸಾರ್ ಎಂದ. ಲೆಕ್ಚರರು ಆ ವರ್ಷದಲ್ಲಿ ಮೊದಲ ಸಲ ತಲೆ ಎತ್ತಿದರು. "ಯಾರಯ್ಯ ಅದು, ಇಪ್ಪತ್ತೇಳರ ದನಿ ಇದಲ್ಲ" ಎಂದರು. ಶಿವಣ್ಣನಿಗೆ ಆಬ್ಸೆಂಟ್ ಹಾಕಿದರು. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು, ನಾನೂ ನಕ್ಕೆ. ಈಗ ನೆನೆಸಿಕೊಂಡರೆ ನಗು ಬರುವುದಿಲ್ಲ.

ಎರಡು ವರ್ಷದ ಹಿಂದೆ ತುಮಕೂರಿನ ಒಂದು ಹೋಟೆಲಿನ ಮಹಡಿಯ ಮೇಲೆ ನಾವೆಲ್ಲ ಸೇರಿದ್ದೆವು. ಊಟವಾದ ಮೇಲೆ ಗಂಗಾಧರಯ್ಯ ಮೈಕ್ ಹಿಡಿದು ಇಪ್ಪತ್ತೇಳು ಎಂದು ಕರೆದು, ನನ್ನ ಕಡೆ ಕಣ್ಣು ಹೊಡೆದ. ನಾನು ಹಳೆಯ ಗತ್ತಿನಲ್ಲೇ ಎಸ್ ಸಾರ್ ಎಂದೆ. ನೀರು ಕೊಡುತ್ತಿದ್ದವನ ಕೈಯಿಂದ ಏನೋ ಜಾರಿತು. ನನ್ನ ಪಕ್ಕದಲ್ಲಿದ್ದ ಶಿವಣ್ಣ ಕಣ್ಣಲ್ಲಿ ನೀರು ಬರುವವರೆಗೂ ನಕ್ಕ. ಗಂಗಾಧರಯ್ಯ ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಗ್ರೂಪಿಗೆ ಹಾಕಿದ, ಎಲ್ಲರೂ ಕೇಳಿ ಮರೆತೆವು.

ಹೋದ ದೀಪಾವಳಿಯ ನಂತರ ಶಿವಣ್ಣ ನನ್ನ ಫೋನು ತೆಗೆಯುವುದನ್ನು ನಿಲ್ಲಿಸಿದ. ಮಾಡಿದರೆ ಅವನ ಹೆಂಡತಿ ಜಯಮ್ಮ ಎತ್ತಿ, ಸ್ನಾನಕ್ಕೆ ಹೋಗಿದ್ದಾರೆ, ತೋಟಕ್ಕೆ ಹೋಗಿದ್ದಾರೆ ಎನ್ನುತ್ತಿದ್ದಳು. ಆಮೇಲೆ "ಆರಾಮ್ ಇದೀನಿ" ಎಂದೊಂದು ಮೆಸೇಜು ಬರುತ್ತಿತ್ತು. ಆದರೆ ಬೆಳಗಿನ ಹಾಜರಿಯಲ್ಲಿ ಮಾತ್ರ ಅವನ ಎಸ್ ಸಾರ್ ಖಣಖಣನೆ ಬರುತ್ತಿತ್ತು. ಉಳಿದವರ ದನಿಗಳೆಲ್ಲ ವರ್ಷದಿಂದ ವರ್ಷಕ್ಕೆ ಸೀಳುತ್ತಿದ್ದರೆ ಇವನದು ಹಾಗೇ ಇತ್ತು. ಕುಣಿಗಲ್ ಕೆರೆ ನೀರಿನ ಮಹಿಮೆ ಎಂದು ಗ್ರೂಪಿನಲ್ಲಿ ತಮಾಷೆ ಮಾಡುತ್ತಿದ್ದರು. ನನಗೆ ಒಳಗೊಳಗೇ ಉರಿ. ಗಂಗಾಧರಯ್ಯನಿಗೆ ದಿನಾ ಓ ಅನ್ನುವವನು ನನ್ನ ಜೊತೆ ಎರಡು ಮಾತಾಡಲು ಆಗದೇ? ಏನು ತಪ್ಪು ಮಾಡಿದೆ ನಾನು ಎಂದು ತಿಂಗಳುಗಟ್ಟಲೆ ಮುನಿಸಿಕೊಂಡೇ ಇದ್ದೆ.

ಹೋದ ತಿಂಗಳು, ಶಿವಣ್ಣನ ಹಾಜರಿಯ ಹಿಂದೆ ಬರುವ ಲೋಟದ ಸದ್ದನ್ನು ಮೊದಲು ಗುರುತಿಸಿದವಳು ಸರೋಜ. ಸೊಪ್ಪು ಸೋಸುತ್ತಾ ಕೂತವಳು, "ಅಲ್ಲಾ ರೀ, ಅವ್ರ ಮನೇಲಿ ದಿನಾ ಇದೇ ಹೊತ್ಗೆ ಲೋಟ ಬೀಳುತ್ತಲ್ಲ" ಎಂದಳು. ನಾನು ಗಮನಿಸಿಯೇ ಇರಲಿಲ್ಲ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹಿಂದಿನ ಹತ್ತು ದಿನದ ಹಾಜರಿಯನ್ನು ಒಂದರ ಮೇಲೊಂದು ಹಾಕಿ ಕೇಳಿದೆ. ಒಂದು ದಿನ ಹಿಂದುಗಡೆ ಕುಕ್ಕರ್ ಕೂಗುತ್ತಿತ್ತು, ಒಂದು ದಿನ ಕೋಗಿಲೆ, ಒಂದು ದಿನ ಮಳೆ. ಲೋಟ ಮಾತ್ರ ಹತ್ತೂ ದಿನ ಬಿತ್ತು. ಎಸ್ ಸಾರ್ ಆದ ತಕ್ಷಣ ಎರಡು ಸಲ ಕುಟ್ಟಿ, ಗಿರ್ರನೆ ಸುತ್ತಿ ನಿಲ್ಲುತ್ತಿತ್ತು. ಅದಾದ ಮೇಲೆ, ಕಿವಿಗೆ ಒತ್ತಿ ಹಿಡಿದರೆ ಮಾತ್ರ ಕೇಳುವಷ್ಟು ಸಣ್ಣಗೆ, ಬಿಕ್ಕಳಿಕೆಯಂತೆ ಶುರುವಾಗುವ ಒಂದು ನಗು ಬಂದು ಅರ್ಧಕ್ಕೇ ನಿಲ್ಲುತ್ತಿತ್ತು.

ಆ ನಗು ನನಗೆ ಗೊತ್ತು, ಐವತ್ತು ವರ್ಷದಿಂದ ಗೊತ್ತು. ಅದು ಶಿವಣ್ಣನದು. ಹಾಗಾದರೆ ಅದಕ್ಕೆ ಮೊದಲು ಎಸ್ ಸಾರ್ ಅಂದವನು ಯಾರು? ಹನ್ನೊಂದನೇ ಸಲ ಕೇಳುವಾಗ ತುಮಕೂರಿನ ಆ ಹೋಟೆಲಿನ ಮಹಡಿ ನೆನಪಾಯಿತು. ದಿನಾ ಬೆಳಿಗ್ಗೆ ಕುಣಿಗಲ್ಲಿನಿಂದ ಹಾಜರಿ ಹೇಳುತ್ತಿದ್ದವನು ನಾನು.

ಸತ್ತಿದ್ದಾನೆ ಎಂದೇ ನನ್ನ ಮನಸ್ಸಿಗೆ ಬಂತು. ಶಿವಣ್ಣ ಯಾವತ್ತೋ ಹೋಗಿದ್ದಾನೆ, ಯಾಕೋ ಏನೋ ಜಯಮ್ಮ ಹೇಳಿಲ್ಲ, ನನ್ನ ಪ್ರಾಕ್ಸಿ ಅವನನ್ನು ಇನ್ನೂ ರಿಜಿಸ್ಟರಿನಲ್ಲಿ ಉಳಿಸಿದೆ. ಮಾರನೆಯ ಬೆಳಿಗ್ಗೆ ಆರಕ್ಕೆ ಮುಂಚೆಯೇ ತುಮಕೂರಿನಲ್ಲಿ ಕುಣಿಗಲ್ ಬಸ್ಸು ಹತ್ತಿದೆ. ಹೆಬ್ಬೂರು ದಾಟಿದ್ದು ಗೊತ್ತಾಗಲಿಲ್ಲ. ಒಂದು ಸಲ ಮನಸ್ಸಿನಲ್ಲೇ ಅವನ ದನಿಯನ್ನು ನೆನಪು ಮಾಡಿಕೊಳ್ಳಲು ಹೋದೆ, ಬರಲಿಲ್ಲ. ನನ್ನ ಅನುಕರಣೆಯಷ್ಟೇ ಬಂತು. ನಿಜವಾದ ದನಿಯ ಮೇಲೆ ನಾನೇ ಕೂತುಬಿಟ್ಟಿದ್ದೆ.

ಕೆರೆಯ ಕಡೆಗಿರುವ ಅವನ ಬೀದಿಯಲ್ಲಿ ನಡೆಯುತ್ತಿದ್ದಾಗ ಏಳು ಇಪ್ಪತ್ತಾಗಿತ್ತು. ಹಾಜರಿ ಅರ್ಧ ದಾಟಿತ್ತು. ಗೇಟಿನ ಚಿಲಕಕ್ಕೆ ಕೈ ಹಾಕುವ ಹೊತ್ತಿಗೆ ಫೋನಿನಲ್ಲಿ ಗಂಗಾಧರಯ್ಯ "ನಂಬರ್ ಇಪ್ಪತ್ತಾರು" ಎಂದ. ನಾನು ಬಾಯಿ ತೆರೆದೆ, ದನಿ ಹೊರಡಲಿಲ್ಲ. ಅವನು ಮೂರು ಎಣಿಸಿರಬೇಕು. ಆಮೇಲೆ ಮನೆಯೊಳಗಿನ ಫೋನಿನಿಂದ "ನಂಬರ್ ಇಪ್ಪತ್ತೇಳು" ಎಂದದ್ದು ಕೇಳಿತು. ಅದರ ಹಿಂದೆಯೇ, ತೆರೆದ ಬಾಗಿಲಿನಿಂದ, ಹೊಟ್ಟೆಯೊಳಗಿಂದ ಬರುವ ದನಿಯಲ್ಲಿ ನಾನು ಎಸ್ ಸಾರ್ ಎಂದೆ. ಲೋಟ ಬಿತ್ತು. ನಗು ಅರ್ಧಕ್ಕೆ ನಿಂತಿತು. ಗೇಟಿನಾಚೆ ನಾನು ಬಾಯಿ ತೆರೆದುಕೊಂಡೇ ನಿಂತಿದ್ದೆ. ಕ್ಷಣ ಬಿಟ್ಟು ನನ್ನ ಕೈಯಲ್ಲಿದ್ದ ಫೋನಿಗೂ ಅದು ಬಂದು ಬಿತ್ತು, ಒತ್ತಿ ಕೇಳುವ ಧೈರ್ಯವಾಗಲಿಲ್ಲ.

ಶಿವಣ್ಣ ಬದುಕಿದ್ದ. ನಡುಮನೆಯ ಕುರ್ಚಿಯಲ್ಲಿ ಕೂತಿದ್ದ, ಬಾಯಿ ಒಂದು ಕಡೆಗೆ ಎಳೆದಿತ್ತು. ತೊಡೆಯ ಮೇಲೆ ಎರಡು ಫೋನು. ಜಯಮ್ಮನದರಲ್ಲಿ ಹೋಟೆಲಿನ ರೆಕಾರ್ಡು ಹಾಕಿ, ತನ್ನದರಲ್ಲಿ ಹಿಡಿದು ಗ್ರೂಪಿಗೆ ಕಳಿಸುತ್ತಿದ್ದ. ನನ್ನನ್ನು ಕಂಡು, ಕದ್ದು ಸಿಕ್ಕಿಬಿದ್ದವನ ಹಾಗೆ ಎರಡನ್ನೂ ಪಂಚೆಯ ಮಡಿಕೆಗೆ ತುರುಕಿದ. ನಾನು ಅವನ ಪಕ್ಕ ಕೂತು ಅತ್ತೆ, ನಾಚಿಕೆ ಬಿಟ್ಟು ಅತ್ತೆ.

"ದೀಪಾವಳಿ ಆದ್ ಮೂರ್ನೇ ದಿನ ಲಕ್ವ ಹೊಡೀತಣ್ಣ" ಎಂದಳು ಜಯಮ್ಮ. "ಕಾಲು ಒಂದಷ್ಟು ಬಂತು, ಮಾತು ಬರ್ಲೇ ಇಲ್ಲ. ಯಾರ್ಗೂ ಹೇಳ್ಬೇಡ ಅಂತ ಕೈ ಹಿಡ್ಕೊಂಡು ಅಳ್ತಾರೆ. ನಾನೇನ್ ಮಾಡ್ಲಿ?"

ಯಾಕೋ ಹೀಗೆ ಮಾಡಿದೆ, ನಾವೇನು ಪರಕೀಯರೇನೋ ಎಂದು ನಾನು ಗದರಿದೆ. ಅವನು ಸ್ಲೇಟು ಎಳೆದುಕೊಂಡು ಎಡಗೈಯಲ್ಲಿ, ಒಂದನೇ ಕ್ಲಾಸಿನವರ ಹಾಗೆ ಸೊಟ್ಟಸೊಟ್ಟಗೆ ಎರಡು ಸಾಲು ಬರೆದ. ಮೊದಲನೆಯದು, "ಹನ್ನೆರಡನ್ನ ಬಿಟ್ಬಿಟ್ರು." ಎರಡನೆಯದು, "ನನ್ ನಂಬರ್ ಕರೀಲಿ." ಸತ್ತವರನ್ನೂ ದಿನಾ ಕರೆಯುತ್ತಾರೆ, ಮಾತು ಹೋದವನನ್ನು ಮಾತ್ರ ಅಯ್ಯೋ ಪಾಪ ಎಂದು ದಾಟಿ ಹೋಗುತ್ತಾರೆ. ಅವನ ಭಯ ಅದೊಂದೇ. ನಾನೂ ಅದಕ್ಕೆ ಸರಿ ಎಂದವರಲ್ಲಿ ಒಬ್ಬ.

ಅಷ್ಟರಲ್ಲಿ ಗಂಗಾಧರಯ್ಯನ ಫೋನು ಬಂತು. ಸ್ಪೀಕರಿಗೆ ಹಾಕಿದೆ. "ಏನ್ಲಾ ಇಪ್ಪತ್ತಾರು, ಬದ್ಕಿದೀಯೇನೋ?" ಎಂದ. ಹೇಳಿಬಿಡಬಹುದಿತ್ತು. ಶಿವಣ್ಣ ನನ್ನ ಮುಖವನ್ನೇ ನೋಡುತ್ತಿದ್ದ, ಕಣ್ಣು ಮಿಟುಕಿಸದೆ.

"ಬಚ್ಚಲಲ್ಲಿದ್ದೆ ಕಣೋ" ಎಂದೆ.

"ನಾನಿಲ್ಲಿ ಎದೆ ಹಿಡ್ಕೊಂಡು ಕೂತಿದೀನಿ. ಶಿವಣ್ಣನ್ನ ನೋಡಿ ಕಲ್ತ್ಕೋ. ಒಂದ್ ದಿನಾನೂ ತಪ್ಪಿಸಿಲ್ಲ ಅವ್ನು."

ಶಿವಣ್ಣ ನಕ್ಕ. ಬಾಯಿ ತೆರೆಯಿತು, ಭುಜ ಕುಲುಕಿತು, ಕಣ್ಣಲ್ಲಿ ನೀರು ಬಂತು. ಸದ್ದು ಮಾತ್ರ ಬರಲಿಲ್ಲ. ಹೊರಡುವ ಮುಂಚೆ ನಾನು, ಆ ಹಾಳು ಲೋಟ ಇಲ್ಲದ ಹಾಗೆ ಹೊಸದಾಗಿ ಒಂದು ಎಸ್ ಸಾರ್ ರೆಕಾರ್ಡ್ ಮಾಡಿಕೊಡಲೇ, ಯಾರಿಗೂ ಅನುಮಾನ ಬರುವುದಿಲ್ಲ ಎಂದು ಕೇಳಿದೆ. ಅವನು ಜೋರಾಗಿ ತಲೆಯಾಡಿಸಿದ, ಬೇಡ ಎಂದು. ಜಯಮ್ಮನ ಫೋನು ತೆಗೆದು ರೆಕಾರ್ಡಿನ ಕೊನೆಯ ತುಣುಕು ಹಾಕಿ, ಆ ಅರ್ಧ ನಗು ಬಂದಾಗ ಬೆರಳಿನಿಂದ ತನ್ನ ಎದೆ ಮುಟ್ಟಿಕೊಂಡು ತೋರಿಸಿದ. ಅದರಲ್ಲಿ ಅವನದು ಅಂತ ಉಳಿದಿದ್ದದ್ದು ಅಷ್ಟೇ.

ಇದಾಗಿ ಒಂದು ತಿಂಗಳಾಯಿತು. ಈಗ ವಾರಕ್ಕೊಮ್ಮೆ ಕುಣಿಗಲ್ಲಿಗೆ ಹೋಗಿ ಬರುತ್ತೇನೆ. ಗ್ರೂಪಿನಲ್ಲಿ ಯಾರಿಗೂ ಹೇಳಿಲ್ಲ, ಈವತ್ತಿನವರೆಗೆ ಸರೋಜಳಿಗೂ ಹೇಳಿರಲಿಲ್ಲ. ದಿನಾ ಬೆಳಿಗ್ಗೆ ನಾನು ಎರಡು ಸಲ ಹಾಜರಾಗುತ್ತೇನೆ, ಒಂದು ಸಲ ಇಲ್ಲಿಂದ, ಒಂದು ಸಲ ಅಲ್ಲಿಂದ. ಮೊನ್ನೆ ನನ್ನ ನಂಬರಿಗೆ ಎಸ್ ಸಾರ್ ಅಂದಾಗ ಒಳಗಿನಿಂದ ಸರೋಜ, "ಯಾರ್ ಬಂದವ್ರೆ ರೀ?" ಎಂದು ಕೇಳಿದಳು. ಯಾರೂ ಇಲ್ಲ, ನಾನೇ ಎಂದೆ. ಅಲ್ಲಿಂದೀಚೆಗೆ ನನ್ನ ದನಿ ಯಾವುದೆಂದು ನನಗೇ ಸರಿಯಾಗಿ ಗೊತ್ತಾಗುತ್ತಿಲ್ಲ.

ಈವತ್ತು ಲೋಟ ಬಿದ್ದು, ನಾನು ಕಿವಿಗೊಟ್ಟು ಕೂತದ್ದನ್ನು ಕಂಡು ಸರೋಜ ಬಂದು ಮುಂದೆ ನಿಂತಳು. ಮುಚ್ಚಿಡಲಾಗಲಿಲ್ಲ, ಎಲ್ಲವನ್ನೂ ಹೇಳಿದೆ. ನನ್ನ ನಿಜವಾದ ಹೆದರಿಕೆಯನ್ನೂ ಹೇಳಿದೆ. ನಾನು ಶಿವಣ್ಣನಿಗಿಂತ ಮುಂಚೆ ಹೋದೆ ಅಂತಿಟ್ಟುಕೋ. ಗಂಗಾಧರಯ್ಯ ಇಪ್ಪತ್ತಾರು ಎಂದು ಕರೆದು, ಮೂರು ಎಣಿಸಿ, ಮುಂದಕ್ಕೆ ಹೋಗುತ್ತಾನೆ. ಇಪ್ಪತ್ತೇಳು ಅನ್ನುತ್ತಾನೆ. ಆಗ ನಾನು ಓ ಅನ್ನುತ್ತೇನಲ್ಲೇ, ಪ್ರತಿ ದಿನ, ಸತ್ತ ಮೇಲೂ, ಎಂದೆ.

ಅವಳು ಹೆದರುತ್ತಾಳೆ, ಇಲ್ಲವೇ ಬಿಡ್ತು ಅನ್ನಿ ಎಂದು ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಬಗ್ಗಿ ಲೋಟ ಎತ್ತಿಕೊಂಡಳು, ಸೆರಗಿನಿಂದ ಒರೆಸಿದಳು. ಆಮೇಲೆ ಟೇಬಲ್ಲಿನ ಮೇಲಿದ್ದ ತನ್ನ ಫೋನನ್ನು ತಂದು ನನ್ನ ಮುಂದೆ ಹಿಡಿದಳು.

"ನೀವ್ ಓ ಅನ್ನೋದು ಆಗ ನಂಗೂ ಕೇಳ್ಬೇಕು. ಆ ಗ್ರೂಪಿಗೆ ನನ್ನೂ ಸೇರ್ಸಿ ಅಂತ ಗಂಗಾಧರಯ್ಯಂಗೆ ಹೇಳಿ" ಎಂದಳು.