ರಟ್ಟಿನ ಟಾವೆಲ್ಲು

ನಾಳೆಯ ಮದುವೆಯ ಆಯೇರಿಗೆಂದು ಮೊಬೈಲಿನಲ್ಲಿ ತರಿಸಿದ ಟಾವೆಲ್ಲು ಬೆಳಿಗ್ಗೆ ಬಂತು. ಪೊಟ್ಟಣ ಒಡೆದದ್ದೇ ಗಂಜಿಯ ವಾಸನೆ. ತೀರಿಕೊಂಡ ಮಾವನವರ ಅರಿವೆ ಅಂಗಡಿಯೇ ಎದ್ದು ಬಂದಂತಾಯಿತು.

ನಮ್ಮ ಸೋಲಾಪುರದ ಕಡೆ ಮದುವೆಗೆ ಬಂದ ಗಂಡಸರಿಗೆ ಟಾವೆಲ್ಲು, ಟೊಪ್ಪಿಗೆಗಳ ಆಯೇರು, ಎಂದರೆ ಉಡುಗೊರೆ, ಮಾಡಬೇಕು. ಪಡೆದವರು ಬಿಚ್ಚುವುದಿಲ್ಲ, ಮುಂದಿನ ಮದುವೆಯಲ್ಲಿ ಇನ್ನೊಬ್ಬರಿಗೆ ದಾಟಿಸುತ್ತಾರೆ. ಕಾನ್ವೆಂಟಿನಲ್ಲಿ ಕರವಸ್ತ್ರ ಮಡಚುವುದನ್ನಷ್ಟೇ ಕಲಿತ ನಾನು ಹೊಸತರಲ್ಲಿ ಅಂಥದ್ದೊಂದರಿಂದ ಮುಖ ಒರೆಸಿಕೊಂಡು, ಆಯೇರು ಕೆಡಿಸಿದ ಸೊಸೆ ಎಂದು ಹೆಸರಾದೆ ನೋಡಿ!

ಕೈಮಗ್ಗ ಹೋಗಿ ಪವರ್‌ಲೂಮ್ ಬಂದಾಗ ಟಾವೆಲ್ಲು ತೆಳುವಾಯಿತು. ನೂಲು ತುಟ್ಟಿಯಾದಾಗ ಗಿಡ್ಡವಾಯಿತು. ಕೊನೆಗೆ ಮಾವನವರು ಒಳಗೆ ರಟ್ಟಿಟ್ಟು ಮೇಲಷ್ಟೇ ಅರಿವೆ ಸುತ್ತಿಸಿದರು.

"ಇದೇನ್ರಿ ಮಾವಾರ?"

"ಯಾರೂ ಬಿಚ್ಚೂದಿಲ್ಲಂದಮ್ಯಾಲ ಒಳಗ ಅರಿವಿ ಯಾಕವ್ವಾ?"

ತಾವು ಮಾತ್ರ ತಲೆಗೆ ಹಳೆಯ ಕೈಮಗ್ಗದ ರುಮಾಲನ್ನೇ ಸುತ್ತುತ್ತಿದ್ದರು. ಅವರ ಬರಿತಲೆಯನ್ನು ನಾನು ಕಂಡಿರಲಿಲ್ಲ.

ನಾದಿನಿಯ ಮದುವೆ, ದುಧನಿಯ ಬೀಗರಿಗೂ ನಮಗೂ ನಡುವೆಂದು, ಅಕ್ಕಲಕೋಟೆಯಲ್ಲಾಯಿತು. ಇನ್ನೇನು ಅಕ್ಷತೆ ಬೀಳಬೇಕು, ಪಕ್ಕದ ದೊಡ್ಡ ಕೂಲರ್ ಗಾಳಿ ಬಿಟ್ಟು ನೀರನ್ನೇ ಉಗುಳಿತು. ಮದುಮಗ ತೊಯ್ದು ತೊಪ್ಪೆ.

"ಮುಹೂರ್ತ ಮೀರಾಕತ್ತದ, ಟಾವೆಲ್ ತರ್ರಿ!" ಎಂದು ಅವನ ಸೋದರಮಾವ ಆಯೇರಿನ ರಾಶಿಗೇ ಕೈ ಹಾಕಿದರು. ಒಂದು ಬಿಚ್ಚಿದರು, ರಟ್ಟು. ಇನ್ನೊಂದು, ಅದೂ ರಟ್ಟು.

"ಬೀಗರ, ಟಾವೆಲ್ ಅಂಗಡಿ ಮನಿತನ ಅಂತ ಹೆಣ್ಣ ತರಾಕ ಬಂದೀವಿ. ಹೆಣ್ಣರ ಖರೇನ ಅದನೋ, ಅಕಿನ್ನೂ ರಟ್ಟಿಗೆ ಸುತ್ತೀರೋ?"

ನಾದಿನಿ ತಲೆ ತಗ್ಗಿಸಿದಳು. ಮಾವನವರು ತಲೆಯ ರುಮಾಲು ಬಿಚ್ಚತೊಡಗಿದರು. ಬಿಚ್ಚಿದಷ್ಟೂ ಬಂತು. ಅಳಿಯನ ತಲೆ, ಕೊರಳು, ಶೇರವಾನಿ ಎಲ್ಲ ಒರೆಸಿದರೂ ಒಂದು ತುದಿ ಒಣಗಿಯೇ ಉಳಿಯಿತು. ಬೈದಾಡಿ ಬೆವೆತಿದ್ದ ಸೋದರಮಾವ ಅದರಲ್ಲೇ ಮುಖ ಒರೆಸಿಕೊಂಡು, "ಹೂಂ, ಅಕ್ಷತಿ ಹಾಕ್ರಿ" ಎಂದರು.

ಮುಂದಿನ ವಾರ ಅದೇ ಸೋದರಮಾವ ಅಂಗಡಿಗೆ ಬಂದರು. "ನಮ್ಮ ಮನ್ಯಾಗೂ ಮದುವಿ ತೆಗದೀವ್ರಿ. ಅಂಥಾವ ಕೊಡ್ರಿ."

ಮಾವನವರ ಮುಖ ಅರಳಿತು. "ರುಮಾಲೇನ್ರಿ?"

"ಛೇ, ರಟ್ಟಿನವ್ರಿ. ಹೊರಾಕ ಹಗರ."

ಮಾವನವರು ಕಟ್ಟಿಸಿಕೊಟ್ಟರು. ಆಮೇಲೆ, ರಟ್ಟು ಮಾರುವ ಆ ಅಂಗಡಿಗೆ ಅವರು ರುಮಾಲು ಸುತ್ತಿಕೊಂಡು ಹೋದದ್ದನ್ನು ನಾನು ಕಾಣಲಿಲ್ಲ.

ಇವತ್ತಿನ ಟಾವೆಲ್ಲನ್ನು ನಲ್ಲಿಯ ಹತ್ತಿರ ಒಯ್ದು, ಮುಖ ತೊಳೆದು, ಬಿಚ್ಚಿ ಒರೆಸಿಕೊಂಡೆ. ನಮ್ಮ ಯಜಮಾನರು ಬಾಗಿಲಲ್ಲೇ ನಿಂತರು.

"ಅಯ್ಯ, ಆಯೇರಿಂದು ಬಿಚ್ಚೇ ಬಿಟ್ಟೆಲ್ಲ! ನಾಳೆ ಏನ ಕೊಡೂದು?"

"ಇದನ್ನ ಕೊಡೂದ್ರಿ," ಎಂದು ಹಗ್ಗದ ಮೇಲೆ ಹರವಿದೆ. "ನೀರ ಹಿಡೀತದ. ಒರಿಸಿ ನೋಡೇನಿ."