ಹುಳು ಇಳಿಯುವ ಹೊತ್ತಿಗೆ ಕಾದ ವಿಮರ್ಶಕರು

ಅಸಮಿಯಾ ವಿಮರ್ಶೆಯ ಬಯಲಿನಲ್ಲಿ ಪ್ರೊಫೆಸರ್ ಕುಸುಮೇಶ್ವರ ಹಾತಿಬರುವಾ ಅವರ ಸ್ಥಾನ ಎಲ್ಲಿ ಎಂದು ಯಾರಾದರೂ ಕೇಳಿದರೆ, ಅವರು ನಿಂತ ಜಾಗದಿಂದಲೇ ಬಯಲು ಶುರುವಾಗುತ್ತದೆ ಎಂಬುದು ನನ್ನ ವಿನಮ್ರ ಉತ್ತರ. ಅವರ ಸಮೀಕ್ಷೆ ಅಚ್ಚಾಗುವ ವಾರ ಜೋರ್ಹಾಟ್‌ನಿಂದ ಧುಬ್ರಿಯವರೆಗಿನ ಕವಿಗಳು ಅನ್ನ ಬಿಡುತ್ತಿದ್ದರು. ಬ್ರಹ್ಮಪುತ್ರವೂ ಎರಡು ಮೊಳ ಇಳಿಯುತ್ತಿತ್ತೆಂದು ನಮ್ಮ ಕಾಲೇಜಿನ ಹಳಬರು ಆಣೆಯಿಟ್ಟು ಹೇಳುತ್ತಾರೆ. ಐದು ವಿಮರ್ಶಾ ಗ್ರಂಥ, ಎರಡು ಕಾದಂಬರಿ, ಮೂವತ್ತನಾಲ್ಕು ವರ್ಷಗಳ ಅಧ್ಯಾಪನ: ಇಷ್ಟನ್ನು ಮುಗಿಸಿ ಕಳೆದ ತಿಂಗಳು ಅವರು ನಿವೃತ್ತರಾದರು.

ಅವರು ಸೇವೆಗೆ ಸೇರಿದ ವರ್ಷವೇ ಮಹಾಪೂರ ಬಂದು ನಾವಿದ್ದ ವಿದ್ಯಾರ್ಥಿನಿಲಯ ನಡುಗಡ್ಡೆಯಾಯಿತು. ಎದುರಿಗೇ ಪರೀಕ್ಷೆ. ಹೊಸ ಅಧ್ಯಾಪಕರು ಗ್ರಂಥಾಲಯದ ಅರ್ಧವನ್ನೇ ಬಾಳೆದಿಂಡಿನ ತೆಪ್ಪಕ್ಕೆ ಹೇರಿಕೊಂಡು, ಈಜು ಬಾರದಿದ್ದರೂ, ಕೋಲು ಹಾಕುತ್ತ ನಮ್ಮ ಕಿಟಕಿಗೆ ಬಂದರು. ಆ ವರ್ಷ ನಮ್ಮಲ್ಲಿ ಅನುತ್ತೀರ್ಣರಾದವರು ಯಾರೂ ಇಲ್ಲ. ಆ ಪುಸ್ತಕಗಳ ವಾಸನೆ ಕುಡಿದ ಮೀನುಗಳೂ ಪಾಸಾಗುತ್ತಿದ್ದವೇನೋ. ನಮ್ಮ ಪ್ರಬಂಧಗಳನ್ನು ಕೆಂಪು ಶಾಯಿಯಲ್ಲಿ ಮುಳುಗಿಸಿ, ಅದೇ ಹಾಳೆಯಲ್ಲಿ ಎಳ್ಳಿನ ಪಿಠಾ ಎಂಬ ಸಿಹಿತಿಂಡಿ ಸುತ್ತಿ ಹಿಂದಿರುಗಿಸುವುದು ಅವರ ಪದ್ಧತಿ. ಬೈಗುಳ ಓದುವಷ್ಟರಲ್ಲಿ ಬಾಯಿ ಸಿಹಿಯಾಗಿರುತ್ತಿತ್ತು.

ಇಂಥವರು ಒಂದು ತಪ್ಪು ಮಾಡಿದರು. ಅವರ ನಿವೃತ್ತಿಗೆಂದು ಬರುತ್ತಿರುವ ಈ ಅಭಿನಂದನ ಗ್ರಂಥದಲ್ಲಿ ತಪ್ಪಿನ ಮಾತೇಕೆ ಎಂದು ಸಂಪಾದಕರು ಹುಬ್ಬು ಗಂಟಿಕ್ಕಿದರು. ಅದನ್ನು ಬರೆಯದಿದ್ದರೆ ಈ ಲೇಖನವೇ ಬೇಡ ಎಂದವರು ಸ್ವತಃ ಹಾತಿಬರುವಾ ಸರ್.

ಢಕುವಾಖಾನಾ ಕಡೆಯ ಪದುಮಿ ಚಾಂಗ್ಮಾಯ್ ಎಂಬ ತರುಣಿಯ ಮೊದಲ ಕವನಸಂಕಲನ ಅವರ ಕೈಗೆ ಬಂದಿತ್ತು. ಮುಗಾ ರೇಷ್ಮೆ ಸಾಕುವ ಮನೆಯ ಹುಡುಗಿ ಆಕೆ. ಸಂಜೆ ಹೊತ್ತು ಹುಳುಗಳು ತಾವು ಮೇಯುವ ಸೋಮ್ ಮರದಿಂದ ಸಾಲಾಗಿ ಇಳಿದು ಬರುವ ಚಿತ್ರವೊಂದು ಅದರಲ್ಲಿತ್ತು. ಪೇಟೆಯಲ್ಲಿ ಹುಟ್ಟಿ ಬೆಳೆದ ನಮ್ಮ ಗುರುಗಳು, "ಎಲೆ ತಿನ್ನುವ ಹುಳು ಎಲೆ ಬಿಟ್ಟು ನೆಲಕ್ಕೇಕೆ ಬಂದೀತು? ಈ ಕವಿ ಮರವನ್ನೇ ನೋಡಿಲ್ಲ" ಎಂದು ಪತ್ರಿಕೆಯಲ್ಲಿ ಬರೆದುಬಿಟ್ಟರು. ಪದುಮಿ ಉತ್ತರ ಬರೆಯಲಿಲ್ಲ. ಮುಂದೆ ಕವಿತೆಯನ್ನೂ ಬರೆಯಲಿಲ್ಲ.

ಎರಡು ವರ್ಷದ ಮೇಲೆ, ಜ್ಯೇಷ್ಠ ಮಾಸದಲ್ಲಿ, ಅದೇ ಸೀಮೆಗೆ ಭಾಷಣಕ್ಕೆ ಹೋದವರಿಗೆ ಸಂಜೆಯ ದೋಣಿ ತಪ್ಪಿತು. ಸೋಮ್ ತೋಟವೊಂದರ ಬೇಲಿಯ ಹೊರಗೆ ನಿಂತಿದ್ದರು. ಬೆರಳುಗಾತ್ರದ ಹಸಿರು ಹುಳುಗಳು ಕಾಂಡ ಹಿಡಿದು ಸಾಲಾಗಿ ಇಳಿಯತೊಡಗಿದವು.

"ಇದೇನು ಇಳೀತಿವೆ?" ಎಂದು ತೋಟದವನನ್ನು ಕೇಳಿದರು.

"ಹಣ್ಣಾದ ಹುಳ, ಸರ್. ಗೂಡು ಕಟ್ಟೋ ಹೊತ್ತಾದಾಗ ಇಳಿದು ಬರ್ತವೆ. ನಮ್ಮಲ್ಲಿ ತೊಟ್ಟಿಲ ಕೂಸಿಗೂ ಗೊತ್ತು."

ಮರುದಿನ ಬೆಳಿಗ್ಗೆಯೇ ಕಾಲುಳ್ಳ ಕಂಚಿನ ತಟ್ಟೆಯಲ್ಲಿ ತಾಂಬೂಲವಿಟ್ಟು, ಮೇಲೆ ಗೌರವದ ಗಮೋಸಾ ವಸ್ತ್ರ ಹಾಸಿ, ಪದುಮಿಯ ಅಂಗಳದಲ್ಲಿ ಮೊಣಕಾಲೂರಿದರು. ನಮ್ಮಲ್ಲಿ ತಪ್ಪು ಒಪ್ಪುವ ರೀತಿ ಅದು: ತಾಂಬೂಲ ಎತ್ತಿಕೊಂಡರೆ ತಪ್ಪು ಕರಗಿತು, ಎತ್ತದಿದ್ದರೆ ಹೊತ್ತು ತಿರುಗಬೇಕು. ಪದುಮಿ ಎತ್ತಲಿಲ್ಲ. ಮಾತಾಡಿದ್ದು ಅವಳ ಅಜ್ಜಿ.

"ಮರ ನೋಡದೆ ಬರೆದೋರು ಮೊದ್ಲು ಮರ ಕಾಯಲಿ. ಕಾತಿ ತಿಂಗಳ ಹುಳದ ಬೆಳೆಗೆ ಕಾಗೆ ಓಡಿಸೋಕೆ ಜನ ಇಲ್ಲ."

"ಕಾಯ್ತೀನಿ, ಆಯ್ತಾ."

"ಬಾತುಕೋಳಿ ಮುಟ್ಟೋ ಹಾಗಿಲ್ಲ. ಬೆಳ್ಳುಳ್ಳಿ ಇಲ್ಲ. ಮೀಯದೆ ತೋಟಕ್ಕೆ ಕಾಲಿಡೋ ಹಾಗಿಲ್ಲ. ಭಾಷಣ ಅಂತೂ ಬೇಡವೇ ಬೇಡ, ಹುಳ ಬೆದರ್ತವೆ."

ಕುಂಬಳಕಾಯಿ ಹಾಕಿದ ಬಾತುಕೋಳಿ ಸಾರಿಗಾಗಿ ರಾಜ್ಯವನ್ನಾದರೂ ಬಿಟ್ಟುಕೊಡಬಲ್ಲ ನಮ್ಮ ಗುರುಗಳು, ಮೊದಲು ಅದೇ ಪತ್ರಿಕೆಯಲ್ಲಿ ತಮ್ಮ ತಪ್ಪನ್ನು ಅಚ್ಚು ಹಾಕಿಸಿ, ಕಾತಿ ಎಂದರೆ ಕಾರ್ತಿಕ ಮಾಸದಲ್ಲಿ ರಜೆ ಪಡೆದು ಹೊರಟರು. ಒಂದು ಭಾನುವಾರ ನೋಡಲು ಹೋದ ನಾನೇ ಸಾಕ್ಷಿ: ಮಣ್ಣುಗುಂಡಿನ ಬಿಲ್ಲಿನಿಂದ ಅವರು ಹೊಡೆದ ಹತ್ತು ಗುಂಡುಗಳಲ್ಲಿ ಎರಡು ಮರಕ್ಕೆ, ಒಂದು ಅಜ್ಜಿಯ ಚಹಾ ಕೆಟಲಿಗೆ, ಉಳಿದ ಏಳು ಇಂದಿಗೂ ಅರುಣಾಚಲದ ಮೇಲೆ ಹಾರುತ್ತಿರಬೇಕು. ಕಾಗೆಗಳು ಹೊಟ್ಟೆ ಹಿಡಿದು ನಗುವುದನ್ನು ನಾನು ಮೊದಲು ಕಂಡಿದ್ದು ಅಂದು.

"ಕಾಗೆ ವಿಷಯದಲ್ಲಿ ನಿಮಗೆ ಕರುಣೆ ಇದೆ ಮಾಸ್ಟ್ರೇ," ಎಂದಳು ಅಜ್ಜಿ. "ಕವಿಗಳ ವಿಷಯದಲ್ಲೇ ಗುರಿ ತಪ್ಪಲ್ಲ."

ಹುಳು ಇಳಿದ ಸಂಜೆ ಪದುಮಿ ಬಂದು, ಅವರು ಹೊಸದಾಗಿ ತಾಂಬೂಲವಿಟ್ಟಿದ್ದ ಅದೇ ತಟ್ಟೆಯಿಂದ ಅದನ್ನು ಎತ್ತಿಕೊಂಡಳು.

"ಕ್ಷಮಿಸಿದೀನಿ, ಸರ್. ಬರೆಯೋದು ಮಾತ್ರ ಆಗ್ತಿಲ್ಲ. ಒಂದು ಸಾಲು ಬರೆದರೆ ಸಾಕು, ನೀವು ಬೆನ್ನ ಹಿಂದೆ ನಿಂತು ಓದ್ತಿದೀರಿ ಅನ್ಸುತ್ತೆ."

ಸರ್ ಖಾಲಿ ತಟ್ಟೆಯನ್ನು ಒರೆಸಿ ಅವಳ ಜಗುಲಿಯಲ್ಲೇ ಇಟ್ಟು ಬಂದರು. ಮರುವರ್ಷ ಯಾರೂ ಕರೆಯದೆಯೇ ಕಾತಿ ಬೆಳೆಗೆ ಹೋದರು. ಅದರ ಮರುವರ್ಷವೂ ಹೋದರು. ಹೀಗೆ ಹದಿನಾರು ಶರತ್ಕಾಲ ಕಾಗೆ ಬೆದರಿಸುವ ಬಿದಿರ ಚಟಪಟೆ ಹಿಡಿದು ಆ ಮರಗಳ ಕೆಳಗೆ ಕೂತರು. ಒಮ್ಮೆಯೂ "ಬರೆದೆಯಾ" ಎಂದು ಕೇಳಲಿಲ್ಲ. ಅಜ್ಜಿ ತೀರಿಕೊಂಡ ವರ್ಷ ಚಿತೆಯ ಬಳಿ ಮನೆಯವರ ಜೊತೆ ನಿಂತವರಲ್ಲಿ ಅವರೂ ಒಬ್ಬರು. ಆ ಮೊದಲ ಕಾತಿಯಿಂದಲೇ ಅವರ ವಿಮರ್ಶೆಯ ದಾರಿ ಬದಲಾಗಿತ್ತು. ಒಂದು ಪ್ರತಿಮೆಯನ್ನು ಸುಳ್ಳೆನ್ನುವ ಮೊದಲು ಹೋಗಿ ನೋಡಿ ಬರುವ ವಿಮರ್ಶಕ ಭೂಮಂಡಲದಲ್ಲಿ ಇವರೊಬ್ಬರೇ ಎಂದು ನಾನು ಬಾಜಿ ಕಟ್ಟಬಲ್ಲೆ.

ಬೀಳ್ಕೊಡುಗೆಯ ದಿನ ಕೊರಳಿಗೆ ಬಿದ್ದ ಗಮೋಸಾಗಳ ರಾಶಿಯಲ್ಲಿ ಸರ್ ಅವರ ಕನ್ನಡಕ ಮಾತ್ರ ಕಾಣುತ್ತಿತ್ತು. ಕೊನೆಯಲ್ಲಿ ಪದುಮಿ ಬಂದಳು. ಕೈಯಲ್ಲಿ ಅದೇ ಕಂಚಿನ ತಟ್ಟೆ, ತಾಂಬೂಲ, ಗಮೋಸಾದ ಅಡಿಯಲ್ಲೊಂದು ನೋಟ್‌ಬುಕ್. ನಲವತ್ತು ಕವಿತೆಗಳು.

"ನೀವು ಬೆನ್ನ ಹಿಂದೆ ನಿಂತಿದೀರಿ ಅಂತ ಹೆದರ್ತಿದ್ದೆ, ಸರ್," ಎಂದಳು. "ಹದಿನಾರು ವರ್ಷ ತಿರುಗಿ ತಿರುಗಿ ನೋಡಿದೆ. ನೀವು ಮರದ ಕೆಳಗೆ ಕೂತಿದ್ರಿ. ತಪ್ಪಿದ್ರೆ ತಪ್ಪು ಅಂತಲೇ ಬರೀರಿ."

ಸರ್ ಅವರ ಕನ್ನಡಕ ಮಂಜಾಗಿತ್ತು. ತಾಂಬೂಲ ಎತ್ತಿಕೊಂಡು ಹೇಳಿದರು: "ನೋಡದೆ ಒಂದಕ್ಷರ ಬರೆಯಲ್ಲ, ಮಗಳೇ."

ಆ ನೋಟ್‌ಬುಕ್ಕನ್ನು ನಾನೂ ಓದಿದ್ದೇನೆ. ಅದರಲ್ಲಿ ಆನೆಹಿಂಡು ನದಿ ದಾಟುತ್ತದೆ, ಮರಳುದಿಣ್ಣೆಯೊಂದು ಊರು ಬದಲಿಸುತ್ತದೆ. ಗುರುಗಳು ಎಲ್ಲವನ್ನೂ ಕಣ್ಣಾರೆ ನೋಡಿ ಬರಲು ಚೀಲ ಕಟ್ಟಿದ್ದಾರೆ. ಕೊನೆಯ ಕವಿತೆಯಲ್ಲಿ ಪದುಮಿಯ ಹಿತ್ತಲ ಬಿದಿರುಮೆಳೆ ಹೂ ಬಿಡುತ್ತದೆ. ಹಳೆ ಮೆಳೆ ಹೂ ಬಿಟ್ಟು ಸತ್ತು, ಅದರ ಬೀಜದಿಂದ ಈ ಮೆಳೆ ಎದ್ದು ಇನ್ನೂ ಹತ್ತು ವರ್ಷವಾಗಿಲ್ಲ. ಮತ್ತೆ ಬಿಡಲು ನಲವತ್ತಾದರೂ ಬೇಕು. ಅದನ್ನೂ ನೋಡಿಯೇ ಬರೆಯಬೇಕಲ್ಲ, ಕೊಟ್ಟ ಮಾತಿಗೆ ತಪ್ಪುವವರಲ್ಲ ಹಾತಿಬರುವಾ ಸರ್. ಬಿದಿರು ಅವಸರಪಡದಿರಲಿ.